ಮೊಣಕಾಲು ನೋವಿಗೆ ಆಪರೇಷನ್ ಬೇಕಾ, ಬೇಡವಾ? ಆಟಗಾರರು ಹಂತ ಹಂತವಾಗಿ ನಿರ್ಧರಿಸುವುದು ಹೇಗೆ

ಮಳೆಗಾಲ ಮುಗಿದು ಗದ್ದೆ ಒಣಗಿತು ಅಂದರೆ ಉತ್ತರ ಕನ್ನಡದಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ಶುರು. ಕರಾವಳಿಯಲ್ಲಿ ಕಬಡ್ಡಿ, ವಾಲಿಬಾಲ್. ಘಟ್ಟದ ಮೇಲೂ ಅದೇ. ಹಳಿಯಾಳದ ಕಡೆ ಹೋದರೆ ಕುಸ್ತಿ. ಇದರ ಬೆನ್ನಿಗೇ ಫಿಸಿಯೋಥೆರಪಿಗೆ ಬರುವ ಹುಡುಗ ಹುಡುಗಿಯರೂ ಜಾಸ್ತಿಯಾಗುತ್ತಾರೆ. ಕೈಯಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಕವರು, ಬಾಯಲ್ಲಿ ಒಂದೇ ಪ್ರಶ್ನೆ: "ಆಪರೇಷನ್ ಮಾಡಿಸ್ಬೇಕಾ?"

ಫಿಸಿಯೋ ಆಗಿ ನಾನು ಇದಕ್ಕೆ ಮರುಪ್ರಶ್ನೆ ಎರಡು ಕೇಳುತ್ತೇನೆ. ನಿಮ್ಮ ನೋವಿನ ಕಾರಣ ಆಪರೇಷನ್‌ನಿಂದ ಸರಿಯಾಗುವಂಥದ್ದಾ? ಆಪರೇಷನ್ ಆದ ಮೇಲಿನ ಒಂಬತ್ತು ತಿಂಗಳು ನಿಮಗೆ ವ್ಯಾಯಾಮ ಮಾಡಿಸುವವರು ಯಾರು, ಎಲ್ಲಿ? ಮೊದಲನೆಯದನ್ನು ಎಲ್ಲರೂ ಯೋಚಿಸುತ್ತಾರೆ. ಎರಡನೆಯದು ನೆನಪಾಗುವುದು ಹೊಲಿಗೆ ಬಿಚ್ಚಿದ ಮೇಲೆ. ನಮ್ಮ ಜಿಲ್ಲೆಯಂಥ ಕಡೆ ಎರಡನೆಯ ಪ್ರಶ್ನೆಯೇ ದೊಡ್ಡದು. ಈ ಎರಡಕ್ಕೂ ಉತ್ತರ ಹುಡುಕುವ ದಾರಿಯನ್ನು ಕೆಳಗೆ ಬರೆದಿದ್ದೇನೆ. ಇದು ಡಾಕ್ಟರ ಪರೀಕ್ಷೆಗೆ ಬದಲಿಯಲ್ಲ. ಡಾಕ್ಟರ ಎದುರು ಕೂತಾಗ ಏನು ಕೇಳಬೇಕು ಎಂದು ತಿಳಿಯಲಿಕ್ಕೆ.

ಹಂತ 1: ಕಾಯಬಾರದ ಮೊಣಕಾಲು ಯಾವುದು?

ಮೂರು ತಿಂಗಳಿಗಿಂತ ಹಳೆಯ ನೋವಿಗೆ ಸಾಮಾನ್ಯವಾಗಿ ಅವಸರ ಇರುವುದಿಲ್ಲ. ಯೋಚಿಸಲು ಸಮಯ ಇದೆ. ಆದರೆ ಕೆಲವು ಲಕ್ಷಣ ಕಂಡರೆ ತಡ ಮಾಡಬೇಡಿ.

ಕಾಲು ಸಿಕ್ಕಿಹಾಕಿಕೊಂಡ ಹಾಗಾಗಿ ಪೂರ್ತಿ ನೆಟ್ಟಗೆ ಆಗುತ್ತಲೇ ಇಲ್ಲ ಎಂದರೆ, ಹರಿದ ಮೆನಿಸ್ಕಸ್ಸಿನ (ಎರಡು ಮೂಳೆಗಳ ನಡುವಿನ ಮೆತ್ತೆಯ) ತುಂಡು ಕೀಲಿನ ಮಧ್ಯೆ ಬಂದು ಕೂತಿರಬಹುದು. ವಾರಗಟ್ಟಲೆ ಹಾಗೇ ಬಿಟ್ಟರೆ, ಹೊಲಿದು ಉಳಿಸಬಹುದಾಗಿದ್ದ ತುಂಡು ಜಜ್ಜಿ ಹಾಳಾಗುತ್ತದೆ. ಜಿಗಿದಾಗ 'ಟಪ್' ಎಂದು ಶಬ್ದ ಬಂದು, ಆಮೇಲೆ ಮಲಗಿ ಕಾಲನ್ನು ನೆಟ್ಟಗೆ ಮೇಲೆತ್ತಲಿಕ್ಕೇ ಬರುವುದಿಲ್ಲ ಎಂದರೆ ಮಂಡಿಚಿಪ್ಪಿನ ಟೆಂಡನ್ (ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ಗಟ್ಟಿ ನಾರು) ತುಂಡಾಗಿರಬಹುದು. ಇದಕ್ಕೆ ಬೇಗ ಆಪರೇಷನ್ ಆಗಬೇಕು. ಜ್ವರ ಇದೆ, ಮೊಣಕಾಲು ಬಿಸಿಯಾಗಿ ಊದಿದೆ ಎಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ.

ಶಾಲೆ ಮಕ್ಕಳ ತಂದೆ ತಾಯಂದಿರಿಗೆ ಬೇರೆಯೇ ಒಂದು ಮಾತು. ಬೆಳೆಯುವ ವಯಸ್ಸಿನ ಆಟಗಾರರಿಗೆ ಮಂಡಿಚಿಪ್ಪಿನ ಕೆಳಗಿನ ಮೂಳೆ ಗಂಟಿನ ಹಾಗೆ ಉಬ್ಬಿ ನೋಯುವುದು ತೀರಾ ಸಾಮಾನ್ಯ. ಆಸ್ಗುಡ್ ಶ್ಲಾಟರ್ ಎಂದು ಅದಕ್ಕೆ ಹೆಸರು. ಆಟ ಸ್ವಲ್ಪ ಕಡಿಮೆ ಮಾಡಿ ವ್ಯಾಯಾಮ ಮಾಡಿದರೆ ಬೆಳವಣಿಗೆ ಮುಗಿಯುವ ಹೊತ್ತಿಗೆ ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಆಡದ ದಿನವೂ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ದಿನದಿಂದ ದಿನಕ್ಕೆ ದೊಡ್ಡದಾಗುವ ಊತ ಇದ್ದರೆ ಒಂದು ಎಕ್ಸ್‌ರೇ ಆಗಲೇಬೇಕು. ಹದಿಹರೆಯದಲ್ಲಿ ಮೂಳೆಯ ಗಡ್ಡೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗ ಮೊಣಕಾಲಿನ ಸುತ್ತಮುತ್ತವೇ. ಇನ್ನೊಂದು: ಮಗು ಮೊಣಕಾಲು ನೋವು ಎನ್ನುತ್ತಿದೆ, ಕುಂಟುತ್ತಿದೆ, ಪಾದ ಹೊರಗೆ ತಿರುಗಿದೆ ಎಂದರೆ ಸೊಂಟದ ಕೀಲನ್ನೂ ಪರೀಕ್ಷೆ ಮಾಡಿಸಿ. ಸೊಂಟದ ಕೀಲಿನ ತೊಂದರೆ ಮೊಣಕಾಲಿನಲ್ಲಿ ನೋವಾಗಿ ಕಾಣುವುದುಂಟು.

ಹಂತ 2: ಎರಡು ವಾರ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ದಿನಾ ರಾತ್ರಿ ಮೂರು ಸಾಲು. ಏನು ಆಡಿದೆ, ಎಷ್ಟು ಹೊತ್ತು. ನೋವು ಹತ್ತಕ್ಕೆ ಎಷ್ಟು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಎಷ್ಟು.

ಮೂರನೆಯ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ನನಗೆ ಜಾಸ್ತಿ ಬೇಕಾದದ್ದು ಅದೇ. ಆಡುವಾಗ ಮೈ ಬಿಸಿಯಾಗಿ ನೋವು ಮರೆಯುತ್ತದೆ. ಹಿಂದಿನ ದಿನದ ಆಟ ಮೊಣಕಾಲಿಗೆ ಹೆಚ್ಚಾಯಿತೇ ಎಂದು ಹೇಳುವುದು ಮರುದಿನದ ಬೆಳಗು.

ನೋವು ಎಲ್ಲಿ ಎಂದು ಒಂದೇ ಬೆರಳಿನಿಂದ ತೋರಿಸಲು ಪ್ರಯತ್ನಿಸಿ. ಚಿಪ್ಪಿನ ಕೆಳತುದಿಯಲ್ಲಿ ಒಂದು ಚುಕ್ಕಿಯಷ್ಟು ಜಾಗ, ಜಿಗಿದರೆ ನೋವು: ಇದು ಹೆಚ್ಚಾಗಿ ಟೆಂಡನ್. ಅಂಗೈಯಿಂದ ಇಡೀ ಚಿಪ್ಪು ಮುಚ್ಚಿ "ಇಲ್ಲೆಲ್ಲಾ" ಎನ್ನುತ್ತೀರಿ, ಮೆಟ್ಟಿಲು ಇಳಿಯುವಾಗ, ಬಸ್ಸಿನಲ್ಲಿ ತುಂಬಾ ಹೊತ್ತು ಕೂತು ಎದ್ದಾಗ ನೋವು: ಇದು ಚಿಪ್ಪು ಮತ್ತು ತೊಡೆಮೂಳೆಯ ನಡುವಿನ ಒತ್ತಡ. ಕೀಲಿನ ಒಳಬದಿಯ ಗೆರೆಯಲ್ಲಿ, ಕುಕ್ಕರಗಾಲಿನಲ್ಲಿ ಕೂತರೆ ಅಥವಾ ಕಾಲು ಊರಿ ತಿರುಗಿದರೆ ನೋವು: ಮೆನಿಸ್ಕಸ್ ಇರಬಹುದು. ನೋವಿಗಿಂತ ಹೆಚ್ಚಾಗಿ "ಕಾಲು ನಂಬೋಕಾಗಲ್ಲ, ತಿರುಗುವಾಗ ಜಾರಿ ಕೈಕೊಡುತ್ತದೆ" ಎಂದರೆ ಎಸಿಎಲ್ ಕಡೆ, ಅಂದರೆ ಕೀಲಿನ ಒಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟಿನ ಕಡೆ, ಗಮನ ಹೋಗಬೇಕು.

ಮೊದಲ ಪೆಟ್ಟು ಬಿದ್ದ ದಿನವನ್ನೂ ನೆನಪು ಮಾಡಿಕೊಳ್ಳಿ. ಒಂದೆರಡು ತಾಸಿನೊಳಗೆ ಮೊಣಕಾಲು ಚೆಂಡಿನಂತೆ ಊದಿತಾ, ಮರುದಿನ ನಿಧಾನವಾಗಿ ಊದಿತಾ? ತಕ್ಷಣದ ಊತ ಒಳಗೆ ರಕ್ತ ತುಂಬಿದ್ದರ ಗುರುತು. ಅದರಲ್ಲಿ ಎಸಿಎಲ್ ಹರಿದಿರುವ ಸಾಧ್ಯತೆ ಹೆಚ್ಚು.

ಜೊತೆಗೆ ದರ್ಜಿಯ ಟೇಪು ತಗೊಂಡು ಎರಡೂ ತೊಡೆಯ ಸುತ್ತಳತೆ ಬರೆದಿಡಿ. ಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಮೇಲೆ ಪೆನ್ನಿನಿಂದ ಗುರುತು ಹಾಕಿ ಅಲ್ಲಿ ಅಳೆಯಿರಿ. ನೋವಿನ ಕಾಲು ಎರಡು ಸೆಂಟಿಮೀಟರ್ ತೆಳ್ಳಗಾಗಿದ್ದರೆ ಆ ತೊಡೆ ಎಷ್ಟೋ ಕಾಲದಿಂದ ಸರಿಯಾಗಿ ಕೆಲಸ ಮಾಡಿಲ್ಲ ಎಂದರ್ಥ. ಆಪರೇಷನ್ ಆಗಲಿ ಬಿಡಲಿ, ಆ ಕೊರತೆ ತುಂಬಲೇಬೇಕು.

ಹಂತ 3: ಫಿಲ್ಮು ನೋಡಿ ಹೆದರಬೇಡಿ

ಮೊದಲು ಕೈಯಿಂದ ಪರೀಕ್ಷೆ. ಆಮೇಲೆ ನಿಂತು ತೆಗೆಸಿದ ಎಕ್ಸ್‌ರೇ. ಬೇಕಾದರೆ ಎಂಆರ್‌ಐ. ನಮ್ಮಲ್ಲಿ ಇದು ಉಲ್ಟಾ ಆಗುತ್ತಿದೆ. ಡಾಕ್ಟರು ಮೊಣಕಾಲು ಮುಟ್ಟುವ ಮೊದಲೇ ಕೆಲವರು ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ.

ರಿಪೋರ್ಟಿನಲ್ಲಿ ಕಾಣುವ ಒಂದು ಸಾಲಿನ ಬಗ್ಗೆ ಹೇಳಲೇಬೇಕು. 'ಮೆನಿಸ್ಕಸ್ಸಿನ ಹಿಂಭಾಗದಲ್ಲಿ ಗ್ರೇಡ್ 2 ಸಿಗ್ನಲ್' ಎಂದು ಬರೆದಿರುತ್ತದೆ. ಇದನ್ನು ಓದಿ ಮೆನಿಸ್ಕಸ್ ಹರಿದಿದೆ ಎಂದು ಅಳುತ್ತಾ ಬಂದವರಿದ್ದಾರೆ. ಗ್ರೇಡ್ 1, ಗ್ರೇಡ್ 2 ಎಂದರೆ ಒಳಗಿನ ಬಣ್ಣದ ಬದಲಾವಣೆ ಮಾತ್ರ. ಅದು ಮೆನಿಸ್ಕಸ್ಸಿನ ಅಂಚಿನವರೆಗೆ ಮುಟ್ಟಿ ಗ್ರೇಡ್ 3 ಆದರೆ ಮಾತ್ರ ಹರಿದಿದೆ ಎನ್ನುತ್ತಾರೆ.

ಹರಿದೇ ಇದ್ದರೂ ನೋವಿಗೆ ಅದೇ ಕಾರಣ ಎಂದು ಹೇಳಲು ಬರುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50 ರಿಂದ 90 ವರ್ಷದ 991 ಜನರಿಗೆ ಎಂಆರ್‌ಐ ಮಾಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೆನಿಸ್ಕಸ್ ಹರಿದಿದ್ದವರ ಪೈಕಿ ಶೇ. 61 ಜನಕ್ಕೆ ಹಿಂದಿನ ತಿಂಗಳು ಮೊಣಕಾಲು ನೋವೇ ಇರಲಿಲ್ಲ. ಎಳೆಯ ಆಟಗಾರರಲ್ಲೂ ನೋವಿಲ್ಲದ ಮೊಣಕಾಲಿನ ಸ್ಕ್ಯಾನಿನಲ್ಲಿ ಏನಾದರೊಂದು ಸಿಗುವುದು ಸಾಮಾನ್ಯ. ಹಾಗಾಗಿ ನೀವು ಬರೆದಿಟ್ಟ ನೋವು, ಡಾಕ್ಟರ ಕೈಗೆ ಸಿಕ್ಕಿದ್ದು, ಫಿಲ್ಮಿನಲ್ಲಿ ಕಂಡದ್ದು, ಮೂರೂ ಒಂದೇ ಕಡೆ ಬೆರಳು ತೋರಿಸಬೇಕು. ತೋರಿಸದಿದ್ದರೆ ಆಪರೇಷನ್ ಮಾತು ಅಲ್ಲಿಗೇ ನಿಲ್ಲಲಿ.

ಹಂತ 4: ನಿಮ್ಮದು ಯಾವ ತೊಂದರೆ, ಅದಕ್ಕೆ ಆಪರೇಷನ್ ಏನು ಮಾಡುತ್ತದೆ

ಚಿಪ್ಪಿನ ಸುತ್ತಲಿನ ನೋವು. ಓಟಗಾರರಲ್ಲಿ, ಕಾಲೇಜು ಹುಡುಗಿಯರಲ್ಲಿ ಇದು ಜಾಸ್ತಿ. ಇಲ್ಲಿ ಆಪರೇಷನ್ನಿಗೆ ಕೆಲಸವೇ ಇಲ್ಲ ಎನ್ನಬಹುದು. ತೊಡೆ ಮತ್ತು ಸೊಂಟದ ಸ್ನಾಯು ಬಲಪಡಿಸುವುದೇ ಮದ್ದು. ಚಿಪ್ಪು ಪದೇ ಪದೇ ಜಾರಿ ಪಕ್ಕಕ್ಕೆ ಹೋಗುವವರ ವಿಷಯ ಬೇರೆ, ಅವರು ಸರ್ಜನ್ ಹತ್ತಿರ ಮಾತಾಡಲಿ.

ಜಿಗಿಯುವವರ ಮೊಣಕಾಲು, ಅಂದರೆ ಮಂಡಿಚಿಪ್ಪಿನ ಕೆಳಗಿನ ಟೆಂಡನ್ ನೋವು. ವಾಲಿಬಾಲ್ ಸ್ಮ್ಯಾಷರ್‌ಗಳ ಕಾಯಿಲೆ ಇದು. 2006ರಲ್ಲಿ ನಾರ್ವೆಯ ಸಂಶೋಧಕರು ಒಂದು ಗುಂಪಿಗೆ ಆಪರೇಷನ್, ಇನ್ನೊಂದು ಗುಂಪಿಗೆ ಮೈಭಾರ ಹೊತ್ತು ನಿಧಾನವಾಗಿ ಕೆಳಗಿಳಿಯುವ ಸ್ಕ್ವಾಟ್ ವ್ಯಾಯಾಮ ಕೊಟ್ಟು ಹೋಲಿಸಿದರು. ಒಂದು ವರ್ಷದ ನಂತರ ಎರಡೂ ಗುಂಪಿನ ಮಧ್ಯೆ ವ್ಯತ್ಯಾಸ ಸಿಗಲಿಲ್ಲ. ಮೊದಲು 12 ವಾರ ವ್ಯಾಯಾಮ ಮಾಡಿ, ಆಮೇಲೆ ಆಪರೇಷನ್ ಯೋಚಿಸಿ ಎಂದು ಅವರು ಬರೆದರು. ನನ್ನ ಅನುಭವದಲ್ಲಿ ಹಳೆಯ ಟೆಂಡನ್ನಿಗೆ ಆರು ತಿಂಗಳು ಕೊಡುವುದು ನ್ಯಾಯ. ಈ ಟೆಂಡನ್ನಿಗೆ ಪಂದ್ಯದ ಮುಂಚೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ನೋವು ನಾಲ್ಕು ದಿನ ಸುಮ್ಮನಾಗುತ್ತದೆ, ಟೆಂಡನ್ ದುರ್ಬಲವಾಗುತ್ತದೆ. ಜಿಲ್ಲೆ, ರಾಜ್ಯ ಮಟ್ಟ ದಾಟಿ ಆಡುವವರು ಇನ್ನೊಂದು ನೆನಪಿಡಿ: 2022ರ ಜನವರಿ 1 ರಿಂದ ಎಲ್ಲ ಬಗೆಯ ಗ್ಲೂಕೋಕಾರ್ಟಿಕಾಯ್ಡ್ (ಇದೇ ಜಾತಿಯ ಸ್ಟಿರಾಯ್ಡ್) ಇಂಜೆಕ್ಷನ್‌ಗಳೂ ಸ್ಪರ್ಧೆಯ ಸಮಯದಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧದ ಪಟ್ಟಿಯಲ್ಲಿವೆ. ಪಿಆರ್‌ಪಿ ಎಂದು ಸ್ವಂತ ರಕ್ತದ ಇಂಜೆಕ್ಷನ್ ಹೇಳುತ್ತಾರಲ್ಲ, ಈ ಟೆಂಡನ್ ಮೇಲಿನ 2019ರ ಪ್ರಯೋಗದಲ್ಲಿ ಅದು ಬರೀ ಸಲೈನ್ ನೀರಿಗಿಂತ ಹೆಚ್ಚು ಉಪಯೋಗ ತೋರಿಸಲಿಲ್ಲ. ಆ ದುಡ್ಡು ಉಳಿಸಿ.

ಮೆನಿಸ್ಕಸ್. ತೊಡೆಮೂಳೆ, ಮೊಣಕಾಲಿನ ಕೆಳಗಿನ ಮೂಳೆ ಎರಡರ ಮಧ್ಯೆ ಇರುವ ಮೆತ್ತೆ ಇದು. ಇಲ್ಲಿ ವಯಸ್ಸು ಮುಖ್ಯ. ನಲವತ್ತು ದಾಟಿದವರಲ್ಲಿ ಸವೆದು ಹರಿದ ಮೆನಿಸ್ಕಸ್ ಇದ್ದರೆ ದುರ್ಬೀನು (ಸಣ್ಣ ಕ್ಯಾಮೆರಾ ಕೊಳವೆ) ಹಾಕಿ ಕತ್ತರಿಸುವುದರಿಂದ ಹೆಚ್ಚಿನ ಲಾಭವಿಲ್ಲ. 2013ರಲ್ಲಿ ಫಿನ್‌ಲೆಂಡಿನವರು ಸವೆತದಿಂದ ಮೆನಿಸ್ಕಸ್ ಹರಿದಿದ್ದ 35 ರಿಂದ 65 ವರ್ಷದ 146 ರೋಗಿಗಳನ್ನು ಎರಡು ಗುಂಪು ಮಾಡಿದರು. ಅರ್ಧ ಜನಕ್ಕೆ ಹರಿದ ಭಾಗ ಕತ್ತರಿಸಿದರು. ಉಳಿದವರಿಗೆ ದುರ್ಬೀನು ಒಳಗೆ ಹಾಕಿ ನೋಡಿ, ಏನೂ ಕತ್ತರಿಸದೇ ಹೊಲಿದರು. ಯಾರಿಗೆ ಏನಾಯಿತೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ವರ್ಷದ ನಂತರ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಅಷ್ಟು ಸುಧಾರಿಸಿತ್ತು.

ಎಳೆಯರ ಲೆಕ್ಕ ಬೇರೆ. ಮೆನಿಸ್ಕಸ್ಸಿನ ಹೊರ ಅಂಚಿಗೆ ರಕ್ತ ಹರಿಯುತ್ತದೆ. ಅಲ್ಲಿ ಹರಿದದ್ದನ್ನು ಹೊಲಿದರೆ ಕೂಡುತ್ತದೆ. ಹಾಗಾಗಿ ಇಪ್ಪತ್ತರ ಆಸುಪಾಸಿನವರಿಗೆ ಕತ್ತರಿಸಿ ತೆಗೆಯುವ ಬದಲು ಹೊಲಿಯಲು ಸಾಧ್ಯವೇ ಎಂದು ಮೊದಲು ಕೇಳಬೇಕು. ತೆಗೆದರೆ ಬೇಗ ಮೈದಾನಕ್ಕೆ ಬರಬಹುದು, ಆದರೆ ಮುಂದೆ ಸವೆತ ಬೇಗ ಬರುತ್ತದೆ. ಹೊಲಿದರೆ ತಿಂಗಳುಗಟ್ಟಲೆ ಕಾಯಬೇಕು, ಮೆತ್ತೆ ಉಳಿಯುತ್ತದೆ. ಹತ್ತೊಂಬತ್ತರ ಹುಡುಗನಿಗೆ ಬರುವ ತಿಂಗಳ ಪಂದ್ಯ ದೊಡ್ಡದಾಗಿ ಕಾಣುವುದು ಸಹಜ. ನಲವತ್ತರ ಮೊಣಕಾಲಿನ ಬಗ್ಗೆ ಅವನ ಪರವಾಗಿ ಮನೆಯ ಹಿರಿಯರು ಯೋಚಿಸಬೇಕು. ಎಳೆಯರಲ್ಲೂ ಕಾಲು ಸಿಕ್ಕಿಕೊಳ್ಳದಿದ್ದರೆ ವ್ಯಾಯಾಮ ಮೊದಲು ಮಾಡಿ ನೋಡಬಹುದು. 18 ರಿಂದ 40 ವರ್ಷದವರ ಮೇಲೆ ಡೆನ್ಮಾರ್ಕಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯಾಯಾಮದಿಂದ ಶುರು ಮಾಡಿದವರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಮಾತ್ರ ಒಂದು ವರ್ಷದೊಳಗೆ ಆಪರೇಷನ್ ಬೇಕಾಯಿತು.

ಎಸಿಎಲ್. ಕಬಡ್ಡಿ ಆಡುವವರ ದೊಡ್ಡ ಭಯ. ನಮ್ಮಲ್ಲಿ "ಲಿಗಮೆಂಟ್ ಹೋಯ್ತು" ಎಂದರೆ ಇದೇ. ಹರಿಯಿತು ಎಂದ ಕೂಡಲೇ ಆಪರೇಷನ್ ಎಂಬ ನಂಬಿಕೆ ಇದೆ. ಸ್ವೀಡನ್ನಿನಲ್ಲಿ 121 ಎಳೆಯ ಚಟುವಟಿಕೆಯ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಎಂದು ಮಾಡಿದರು. ಎರಡು ವರ್ಷದ ಫಲಿತಾಂಶ 2010ರಲ್ಲಿ ಬಂತು. ಎರಡೂ ಗುಂಪಿನ ಮೊಣಕಾಲು ಒಂದೇ ಮಟ್ಟದಲ್ಲಿತ್ತು. ವ್ಯಾಯಾಮದ ಗುಂಪಿನ 59 ಜನರಲ್ಲಿ 23 ಜನ ಆ ಹೊತ್ತಿಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಐದು ವರ್ಷ ಕಳೆಯುವಾಗ ಅದು ಸುಮಾರು ಅರ್ಧಕ್ಕೆ ಬಂತು.

ಇದನ್ನು ಓದಿ ಕಬಡ್ಡಿ ರೈಡರ್ ಒಬ್ಬ ನನಗೂ ಬೇಡ ಎಂದು ಹೊರಡಬಾರದು. ಆ ಪ್ರಯೋಗದಲ್ಲಿ ವೃತ್ತಿಪರ ಆಟಗಾರರನ್ನು ಸೇರಿಸಿಕೊಂಡಿರಲಿಲ್ಲ. ಈಜು, ಸೈಕಲ್, ನೇರ ಓಟ ಸಾಕು ಎನ್ನುವವರು ಎಸಿಎಲ್ ಇಲ್ಲದೆಯೂ ಚೆನ್ನಾಗಿ ಬದುಕಬಹುದು. ಕಾಲು ಊರಿ ತಟ್ಟನೆ ತಿರುಗುವ ಕಬಡ್ಡಿ, ಫುಟ್‌ಬಾಲ್, ಕುಸ್ತಿಗೆ ಮರಳಲೇಬೇಕು ಎನ್ನುವವರಿಗೆ, ಮತ್ತು ನಡೆಯುವಾಗಲೇ ಕಾಲು ಜಾರುವವರಿಗೆ ಆಪರೇಷನ್ ಕಡೆ ತಕ್ಕಡಿ ವಾಲುತ್ತದೆ. ಪ್ರತಿ ಸಲ ಕಾಲು ಜಾರಿದಾಗಲೂ ಒಳಗಿನ ಮೆನಿಸ್ಕಸ್ಸಿಗೆ ಪೆಟ್ಟು ಬೀಳುತ್ತದೆ. ಬೆಲ್ಟು ಕಟ್ಟಿ, ನೋವಿನ ಮಾತ್ರೆ ನುಂಗಿ ಎರಡು ಸೀಸನ್ ಆಡಿ ಕೊನೆಗೆ ಎಸಿಎಲ್ ಜೊತೆ ಮೆನಿಸ್ಕಸ್ಸೂ ಕಳೆದುಕೊಂಡ ಹುಡುಗರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಆಪರೇಷನ್ ಎಂದು ತೀರ್ಮಾನವಾದರೆ ಹೊಸ ಲಿಗಮೆಂಟಿಗೆ ಎಳೆ ಎಲ್ಲಿಂದ ತೆಗೆಯುತ್ತಾರೆ ಎಂದು ಕೇಳಿ. ತೊಡೆಯ ಹಿಂಭಾಗದ ಸ್ನಾಯುವಿನಿಂದ ತೆಗೆಯುವುದು ನಮ್ಮಲ್ಲಿ ಸಾಮಾನ್ಯ. ಮಂಡಿಚಿಪ್ಪಿನ ಟೆಂಡನ್ನಿನಿಂದ ತೆಗೆದರೆ ಮುಂದೆ ಮೊಣಕಾಲು ಊರುವಾಗ ನೋವು ಉಳಿಯುವ ಸಾಧ್ಯತೆ ಹೆಚ್ಚು. ಕುಸ್ತಿ ಪಟುಗಳಿಗೆ ಇದು ಮುಖ್ಯ. ಯಕ್ಷಗಾನ ಕಲಾವಿದರಿಗೂ ಅಷ್ಟೇ ಮುಖ್ಯ. ರಾತ್ರಿಯಿಡೀ ಕುಣಿದು, ರಂಗದ ಮೇಲೆ ಮಂಡಿ ಊರಿ ಗಿರಗಿರನೆ ತಿರುಗುವ ಬಡಗುತಿಟ್ಟಿನ ವೇಷಧಾರಿಗಿಂತ ದೊಡ್ಡ ಕ್ರೀಡಾಪಟು ಯಾರಿದ್ದಾರೆ? ನಿಮ್ಮ ಕೆಲಸದಲ್ಲಿ ಮಂಡಿ ಊರುವುದಿದೆ ಎಂದು ಸರ್ಜನ್ನಿಗೆ ಬಾಯಿ ಬಿಟ್ಟು ಹೇಳಿ.

ಹಂತ 5: ಹನ್ನೆರಡು ವಾರ ನಿಜವಾದ ವ್ಯಾಯಾಮ

"ಫಿಸಿಯೋ ಮಾಡಿ ಆಯ್ತು, ಏನೂ ಆಗ್ಲಿಲ್ಲ" ಎಂದು ಹೇಳುವವರನ್ನು ಕೆದಕಿದರೆ ಗೊತ್ತಾಗುವುದು ಇಷ್ಟು: ಹತ್ತು ದಿನ ಕರೆಂಟು ಕೊಟ್ಟಿದ್ದಾರೆ, ಬಿಸಿ ಶಾಖ ಕೊಟ್ಟಿದ್ದಾರೆ. ತೊಡೆಗೆ ಭಾರ ಬಿದ್ದಿಲ್ಲ. ಅದನ್ನು ವ್ಯಾಯಾಮ ಎಂದು ಲೆಕ್ಕ ಹಾಕಬೇಡಿ.

ಟೆಂಡನ್ ನೋವಿಗೆ ಪರೀಕ್ಷೆ ಮಾಡಿ ನೋಡಿದ ಕ್ರಮ ಹೀಗಿದೆ. ವಾರಕ್ಕೆ ಮೂರು ದಿನ, ಪ್ರತಿ ವ್ಯಾಯಾಮ ನಾಲ್ಕು ಸೆಟ್. ಸ್ಕ್ವಾಟ್, ಲೆಗ್ ಪ್ರೆಸ್ ತರದ್ದು. ಮೂರು ಸೆಕೆಂಡು ಇಳಿಯುವುದು, ಮೂರು ಸೆಕೆಂಡು ಏಳುವುದು. ಮೊದಲ ವಾರ 15 ಸಲ ಮಾಡಲಾಗುವಷ್ಟು ಭಾರ. ಅಲ್ಲಿಂದ ಭಾರ ಏರಿಸುತ್ತಾ, ಸಂಖ್ಯೆ ಇಳಿಸುತ್ತಾ, ಒಂಬತ್ತನೆಯ ವಾರದ ಹೊತ್ತಿಗೆ ಆರು ಸಲಕ್ಕೇ ಸುಸ್ತಾಗುವಷ್ಟು ಭಾರ. ನಿಧಾನ ಮತ್ತು ಭಾರ, ಎರಡೂ ಬೇಕು. ಜಿಮ್ ಇಲ್ಲದ ಹಳ್ಳಿಯಲ್ಲಿದ್ದರೆ ಶಾಲೆ ಚೀಲಕ್ಕೆ ಮರಳು ತುಂಬಿಸಿ ಬೆನ್ನಿಗೆ ಹಾಕಿ, ಒಂಟಿ ಕಾಲಿನಲ್ಲಿ ಬೆಂಚಿನಿಂದ ಎದ್ದು ಕೂರಿ. ಅದು ಸುಲಭವಾದ ಮೇಲೆ ಇನ್ನೂ ಮರಳು ತುಂಬಿಸಿ.

ಮೊದಲ ದಿನಗಳಲ್ಲಿ ಟೆಂಡನ್ ತುಂಬಾ ನೋಯುತ್ತಿದ್ದರೆ ಅಲ್ಲಾಡದೆ ಹಿಡಿದು ನಿಲ್ಲುವುದರಿಂದ ಶುರು ಮಾಡಿ. ಗಟ್ಟಿ ಹಗ್ಗ ಅಥವಾ ಬೆಲ್ಟನ್ನು ಕಂಬಕ್ಕೆ ಸುತ್ತಿ, ಎರಡೂ ಮೊಣಕಾಲಿನ ಹಿಂದೆ ಹಾಕಿಕೊಂಡು, ಹಿಂದಕ್ಕೆ ವಾಲಿ ಕುರ್ಚಿಯಲ್ಲಿ ಕೂತ ಹಾಗೆ 45 ಸೆಕೆಂಡು. ಇಂಥದ್ದು ಐದು. ಮಧ್ಯೆ ಎರಡು ನಿಮಿಷ ಬಿಡುವು.

ವ್ಯಾಯಾಮದಲ್ಲಿ ನೋವು ಬರಬಾರದೇ? ಹತ್ತಕ್ಕೆ ಮೂರು ತನಕ ಬರಲಿ, ತೊಂದರೆಯಿಲ್ಲ. ಮರುದಿನ ಬೆಳಿಗ್ಗೆ ನೋವು ಮೊದಲಿನ ಮಟ್ಟಕ್ಕೆ ಬರಬೇಕು, ಊತ ಇರಬಾರದು. ಹಾಗಾಗದಿದ್ದರೆ ಭಾರವನ್ನು ಒಂದು ಹಂತ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.

ಈ ಹನ್ನೆರಡು ವಾರ ಆಟ ಎಷ್ಟು ಆಡಬೇಕೆಂಬುದನ್ನೂ ಬರೆದುಕೊಳ್ಳಿ. ವಾರಕ್ಕೆ ಮೂರು ರಾತ್ರಿ ಪಂದ್ಯ ಆಡುತ್ತಾ ಬೆಳಿಗ್ಗೆ ವ್ಯಾಯಾಮ ಮಾಡಿದರೆ ಯಾವ ಟೆಂಡನ್ನೂ ಸುಧಾರಿಸದು. ಕಾರವಾರದ ಟಾಗೋರ್ ಬೀಚಿನಲ್ಲಿ ಓಡುವವರು ಸಮುದ್ರದ ಕಡೆಗಿನ ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಓಡಬೇಡಿ, ಒಂದೇ ಕಾಲಿಗೆ ಒತ್ತಡ ಬೀಳುತ್ತದೆ. ಹೋದಷ್ಟೇ ದೂರ ವಾಪಸ್ ಬನ್ನಿ.

ಎಸಿಎಲ್ ಹರಿದವರಿಗೂ ಈ ವಾರಗಳು ವ್ಯರ್ಥವಲ್ಲ. ಊತ ಪೂರ್ತಿ ಇಳಿದು, ಕಾಲು ಪೂರ್ತಿ ನೆಟ್ಟಗಾಗಿ, ತೊಡೆಗೆ ಬಲ ಬಂದ ಮೇಲೆ ಆಪರೇಷನ್ ಆದರೆ ಕೀಲು ಬಿಗಿಯಾಗಿ ಉಳಿಯುವ ಅಪಾಯ ಕಡಿಮೆ.

ಹಂತ 6: ಸರ್ಜನ್ ಹತ್ತಿರ ಏನು ಕೇಳಬೇಕು

ಒಬ್ಬರೇ ಹೋಗಬೇಡಿ. ಕೋಚ್ ಅಥವಾ ಅಣ್ಣನೋ ಅಕ್ಕನೋ ಜೊತೆಗಿರಲಿ, ಅವರು ಬರೆದುಕೊಳ್ಳಲಿ. ಡಾಕ್ಟರ ಮುಂದೆ ಸಂಕೋಚ ಬೇಡ.

"ಸರ್, ಮೂರು ತಿಂಗಳು ಕಾದರೆ ಏನು ಕೆಡುತ್ತದೆ?" ಇದು ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು. ಖಚಿತವಾದ ಕಾರಣ ಹೇಳಿದರೆ ನಂಬಿ. ಸುಮ್ನೆ "ಬೇಗ ಮಾಡಿಸಿದರೆ ಒಳ್ಳೇದು" ಎಂದಷ್ಟೇ ಆದರೆ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ಆಮೇಲೆ: ಹೊಲಿಯುತ್ತೀರಾ, ತೆಗೆಯುತ್ತೀರಾ? ಒಳಗೆ ನೋಡಿದ ಮೇಲೆ ಪ್ಲಾನ್ ಬದಲಾಗಬಹುದಾ? ನನ್ನಂಥ ಆಟಗಾರರಿಗೆ ವರ್ಷಕ್ಕೆ ಎಷ್ಟು ಇಂಥ ಆಪರೇಷನ್ ಮಾಡುತ್ತೀರಿ? ಹೊಸ ಲಿಗಮೆಂಟನ್ನು ಹಿಡಿದಿಡುವ ಸ್ಕ್ರೂ ಯಾವುದು, ಬೇರೆ ಬೇರೆ ಸ್ಕ್ರೂಗಳ ದರದಲ್ಲಿ ವ್ಯತ್ಯಾಸ ಎಷ್ಟು? ವ್ಯಾಯಾಮದ ಪಟ್ಟಿಯನ್ನು ಬರವಣಿಗೆಯಲ್ಲಿ ಕೊಡುತ್ತೀರಾ?

ಅಪಾಯದ ಬಗ್ಗೆಯೂ ಕೇಳಿ. ಸೋಂಕು ಅಪರೂಪ, ಆದರೆ ಬಂದರೆ ಗಂಭೀರ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗಾಯದ ಪಕ್ಕ ಸ್ವಲ್ಪ ಜಾಗ ಮರಗಟ್ಟಿದ ಹಾಗೆ ಉಳಿಯುವುದು ಸಾಮಾನ್ಯ. ಎಸಿಎಲ್ ಆಪರೇಷನ್ ಆದವರ ಮೇಲಿನ ಅಧ್ಯಯನಗಳನ್ನೆಲ್ಲಾ ಒಟ್ಟು ಮಾಡಿದ 2014ರ ವಿಶ್ಲೇಷಣೆಯಲ್ಲಿ ಶೇ. 81 ಜನ ಯಾವುದಾದರೂ ಆಟಕ್ಕೆ ಮರಳಿದ್ದರು. ಮೊದಲಿನ ಮಟ್ಟಕ್ಕೆ ಮರಳಿದವರು ಶೇ. 65. ಸ್ಪರ್ಧೆಯ ಮಟ್ಟದ ಆಟಕ್ಕೆ ಮರಳಿದವರು ಶೇ. 55. ಈ ಕೊನೆಯ ಸಂಖ್ಯೆ ಗೊತ್ತಿದ್ದು ಟೇಬಲ್ಲಿನ ಮೇಲೆ ಮಲಗಬೇಕು.

ಹಂತ 7: ಕ್ಯಾಲೆಂಡರ್, ದುಡ್ಡು, ಮನೆ

ಆಪರೇಷನ್ನಿಗೆ ಒಂದು ಪ್ರಯಾಣ ಸಾಕು. ಫಿಸಿಯೋಗೆ ಹತ್ತಾರು. ಕಾರವಾರದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಆದರೂ ಇಂಥ ಆಪರೇಷನ್ನಿಗೆ ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದ ಕೆಲವರು ಗೋವಾಕ್ಕೆ ಹೋಗುವುದು ರೂಢಿ. ಆಪರೇಷನ್ ಆದ ಎರಡನೆಯ ವಾರದಿಂದ ವಾರಕ್ಕೆರಡು ಸಲ ಅಷ್ಟು ದೂರ ಹೋಗಿ ಬರಲು ಆಗುತ್ತದಾ? ಆಗದಿದ್ದರೆ ನಿಮ್ಮ ತಾಲ್ಲೂಕಿನಲ್ಲೇ ಒಬ್ಬ ಫಿಸಿಯೋವನ್ನು ಆಪರೇಷನ್ನಿಗೆ ಮೊದಲೇ ಗೊತ್ತು ಮಾಡಿಕೊಳ್ಳಿ. ಸರ್ಜನ್ ಬರೆದ ಪಟ್ಟಿ ಅವರ ಕೈಗೆ ತಲುಪಲಿ, ಇಬ್ಬರೂ ಫೋನಿನಲ್ಲಿ ಮಾತಾಡಲಿ. ಈ ಏರ್ಪಾಡು ಆಗದೆ ತಾರೀಖು ತಗೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ತಿಂಗಳು ಯಾವುದು ಎಂಬುದೂ ಮುಖ್ಯ. ಮೇ ಕೊನೆಯಲ್ಲಿ ಆಪರೇಷನ್ ಮಾಡಿಸಿಕೊಂಡರೆ ಊರುಗೋಲು ಹಿಡಿಯುವ ದಿನಗಳು ಜೂನಿನ ಮಳೆಗೆ ಸಿಗುತ್ತವೆ. ಪಾಚಿ ಹಿಡಿದ ಅಂಗಳ, ಒದ್ದೆ ಚಿರೇಕಲ್ಲಿನ ಮೆಟ್ಟಿಲು. ಒಮ್ಮೆ ಜಾರಿದರೆ ಹೊಸ ಲಿಗಮೆಂಟ್ ಹೋಯಿತು. ಗುಡ್ಡ ಕುಸಿದು ರಸ್ತೆ ಬಂದ್ ಆಗುವ ಕಾಲವೂ ಅದೇ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಫೆಬ್ರವರಿಯಲ್ಲಿ ಮಾಡಿಸಿದರೆ ಮಳೆ ಬರುವಾಗ ಊರುಗೋಲು ಬಿಟ್ಟಿರುತ್ತೀರಿ, ಒಳಗೆ ಕೂತು ಬಲದ ವ್ಯಾಯಾಮ ಮಾಡುವ ತಿಂಗಳುಗಳು ಮಳೆಗಾಲಕ್ಕೆ ಬೀಳುತ್ತವೆ, ನವೆಂಬರ್ ಹೊತ್ತಿಗೆ ಒಂಬತ್ತು ತಿಂಗಳಾಗುತ್ತದೆ. ಕಾಯಬಹುದಾದ ಆಪರೇಷನ್ನಿಗೆ ಮಾತ್ರ ಈ ಲೆಕ್ಕ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ರಂತೆ ವರ್ಷಕ್ಕೆ 1.5 ಲಕ್ಷ ತನಕ ನೆರವಿದೆ. ಮೊದಲೇ ತಾರೀಖು ಹಾಕುವ ಆಪರೇಷನ್ ಆದ್ದರಿಂದ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ನಿಮ್ಮ ಆಪರೇಷನ್ ಪಟ್ಟಿಯಲ್ಲಿ ಇದೆಯಾ, ನೀವು ಹೋಗುವ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ ಎಂದು ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿ) ಕೇಳಿಯೇ ಹೊರಡಿ. ಫಿಸಿಯೋ, ಓಡಾಟದ ಖರ್ಚನ್ನು ಬೇರೆಯಾಗಿ ತೆಗೆದಿಡಿ.

ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತರಿಸಿ. ಕೆಲವು ತಿಂಗಳು ನೆಲದ ಮೇಲೆ ಊಟ, ಅಡಿಕೆ ಸುಲಿಯಲು ಕೂರುವುದು ಬೇಡ. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿ, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಗಂಟೆಗೊಮ್ಮೆ ಇಳಿದು ನಿಲ್ಲಿ. ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದ ಹಾಗಾದರೆ ತಕ್ಷಣ ಆಸ್ಪತ್ರೆ.

ಹಂತ 8: ಮೈದಾನಕ್ಕೆ ವಾಪಸ್

ತಿಂಗಳು ಎಣಿಸಿದರೆ ಸಾಲದು, ಕಾಲು ಪರೀಕ್ಷೆ ಪಾಸಾಗಬೇಕು. ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಎಸಿಎಲ್ ಆಪರೇಷನ್ ಆದವರನ್ನು ಹಿಂಬಾಲಿಸಿ 2016ರಲ್ಲಿ ಬರೆದದ್ದು ಹೀಗೆ: ಒಂಬತ್ತು ತಿಂಗಳ ತನಕ ಆಟ ಒಂದೊಂದು ತಿಂಗಳು ಮುಂದೆ ಹಾಕಿದಂತೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಾ ಹೋಯಿತು. ಹಾಗಾಗಿ "ಆರು ತಿಂಗಳಾಯ್ತಲ್ಲ, ಒಂದು ರೈಡ್ ಮಾಡು ತಮ್ಮಾ" ಎಂದು ತಂಡದವರು ಕರೆದರೆ ಹೋಗಬೇಡಿ. ತಂಡದವರೂ ದಯವಿಟ್ಟು ಕರೆಯಬೇಡಿ.

ಪರೀಕ್ಷೆ ಮನೆಯಂಗಳದಲ್ಲೂ ಆಗುತ್ತದೆ. ನೆಲದ ಮೇಲೆ ಟೇಪು ಹಾಸಿ. ಒಂಟಿ ಕಾಲಿನಲ್ಲಿ ಮುಂದಕ್ಕೆ ಜಿಗಿದು ಅದೇ ಕಾಲಿನಲ್ಲಿ ಅಲ್ಲಾಡದೆ ನಿಲ್ಲಿ. ಒಳ್ಳೆ ಕಾಲು 150 ಸೆಂಟಿಮೀಟರ್ ಹೋದರೆ ಪೆಟ್ಟಾದ ಕಾಲು ಕನಿಷ್ಠ 135, ಅಂದರೆ ಶೇ. 90, ಹೋಗಬೇಕು. ಆಮೇಲೆ ಸತತ ಮೂರು ಜಿಗಿತ, ಅದೇ ಲೆಕ್ಕ. ತೊಡೆಯ ಬಲವೂ ಶೇ. 90 ಮುಟ್ಟಬೇಕು, ಅದನ್ನು ಫಿಸಿಯೋ ಅಳೆಯುತ್ತಾರೆ. ಯಾರಾದರೂ ಎದುರಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಲಿ. ಇಳಿಯುವಾಗ ಮೊಣಕಾಲು ಒಳಗೆ ಬಾಗುತ್ತಿದ್ದರೆ ದೂರ ಎಷ್ಟೇ ಇದ್ದರೂ ಪಾಸ್ ಅಲ್ಲ.

ಆಪರೇಷನ್ ಬೇಡ ಎಂದು ನಿರ್ಧರಿಸಿದವರಿಗೂ ಇದೇ ಪರೀಕ್ಷೆ. ಜೊತೆಗೆ ಒಂದು ತಾರೀಖು ಬರೆದಿಡಿ. ಆ ದಿನ ಡೈರಿ ತೆಗೆದು ನೋಡಿ. ನೋವು ಇಳಿದಿಲ್ಲ ಅಥವಾ ಈ ಮಧ್ಯೆ ಕಾಲು ಜಾರಿದೆ ಎಂದರೆ ಮತ್ತೆ ಸರ್ಜನ್ ಹತ್ತಿರ ಹೋಗಿ. ಬೇಡ ಎಂದದ್ದನ್ನು ಬದಲಾಯಿಸಲು ಸಂಕೋಚ ಪಡಬೇಕಿಲ್ಲ.

25 ವರ್ಷದೊಳಗಿನವರು ಎಸಿಎಲ್ ಆಪರೇಷನ್ ಆಗಿ ಆಟಕ್ಕೆ ಮರಳಿದರೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮತ್ತೊಮ್ಮೆ ಎಸಿಎಲ್ ಹರಿಯುತ್ತದೆ. ಕೆಲವರಿಗೆ ಅದೇ ಕಾಲು, ಕೆಲವರಿಗೆ ಇನ್ನೊಂದು ಕಾಲು. ಆದ್ದರಿಂದ ಆಟಕ್ಕೆ ಮರಳಿದ ಮೇಲೂ ವಾರಕ್ಕೆ ಎರಡು ದಿನ ಭಾರದ ವ್ಯಾಯಾಮ, ಪ್ರತಿ ಸಲ ಆಡುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಜಿಗಿತ, ಇಳಿತ, ತಿರುವಿನ ಅಭ್ಯಾಸ ಇರಲಿ. ಎರಡೂ ಕಾಲಿಗೆ.